ಅಂಗಡಿಯಮ್ಮನ ತೂಕ

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಹೊಟ್ಟೆಗೆ ಏನೂ ಬೀಳುವ ಮೊದಲು, ಅಂಗಡಿಯಮ್ಮ ತಕ್ಕಡಿ ಹತ್ತಬೇಕು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಮಾತು ಇದು. ಹೃದಯಕ್ಕೆ ಬಲ ಸಾಲದೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರಿಳಿಸುವ ಮಾತ್ರೆ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಮಾತ್ರೆ ಹೆಚ್ಚಾದರೂ ಕಷ್ಟ ಕಡಿಮೆಯಾದರೂ ಕಷ್ಟ, ಎಷ್ಟು ಕೊಡಬೇಕೆಂದು ತೂಕ ನೋಡಿಯೇ ತೀರ್ಮಾನಿಸುವುದು, ನೀರೂ ಉಪ್ಪೂ ಅಳೆದೇ ಕೊಡಬೇಕು ಎಂದು ಅವರು ಬಿಡಿಸಿ ಹೇಳಿದ್ದರು. "ಮನೇಲಿ ತೂಕ ನೋಡೋ ಮಿಷನ್ ಇದೆಯಾ?" ಎಂದು ಕೇಳಿದಾಗ ಅಂಗಡಿಯಮ್ಮ ಮಂಚದ ಮೇಲೆಯೇ ಎದೆ ಸೆಟೆಸಿದ್ದರು.

"ನಮ್ಮನೇಲಿ ಇರೋದೇ ಅದು ಡಾಕ್ಟ್ರೇ. ಗುಜರಿ ಅಂಗಡಿ ನಮ್ದು. ಹಲಗೆ ಮಿಷನ್ನು, ಎಮ್ಮೆ ನಿಲ್ಸಿದ್ರೂ ತೂಗುತ್ತೆ. ನಮ್ಮ ಯಜಮಾನ್ರು ಇದ್ದಾಗಿಂದ ಒಂದು ಗುಲಗಂಜಿ ಹೆಚ್ಚುಕಮ್ಮಿ ಬಂದಿಲ್ಲ."

ಅಂಗಡಿ ಮುಂದೆ, ಮನೆ ಹಿಂದೆ. ನಡುವಿನ ಕೋಣೆಯಲ್ಲಿ ಹಳೆ ಪೇಪರು, ರಟ್ಟು, ಪ್ಲಾಸ್ಟಿಕ್ ಡಬ್ಬಗಳನ್ನು ಬೇರೆಬೇರೆ ಮಾಡುವುದು ಸೊಸೆಯ ಕೆಲಸ. ಪಾಯಿಖಾನೆ ಹಿತ್ತಲಿನ ಕೊನೆಯಲ್ಲಿ. ಅಲ್ಲಿಗೆ ಹೋಗಲು ಬಾಟಲಿ ಮೂಟೆಗಳ ನಡುವೆ ಒಬ್ಬರು ಹಾಯುವಷ್ಟೇ ದಾರಿ. ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದವರೆಗೆ ಅಂಗಡಿಯಮ್ಮನ ಸಂಸಾರವೆಲ್ಲ ಆ ದಾರಿಯಲ್ಲೇ. ಸೊಸೆ ಕೈಲಿದ್ದ ಕೆಲಸ ಬಿಟ್ಟು ತೋಳು ಹಿಡಿದುಕೊಂಡು ಹೋಗಬೇಕು, ಕಾಯಬೇಕು, ಕರೆತರಬೇಕು; ಕೂರಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಕರೆ. ಕೆಲವು ಸಲ ದಾರಿಯಲ್ಲೇ ಆಗಿಬಿಡುತ್ತಿತ್ತು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಇದೇನು ಔಷಧೀನೋ ಶಿಕ್ಷೇನೋ," ಎಂದು ಅಂಗಡಿಯಮ್ಮ ಗೊಣಗುತ್ತಿದ್ದರು. "ಕುಡಿಯೋಕೂ ನೀರು ಕೊಡಲ್ಲ, ಇರೋ ನೀರೂ ಇಟ್ಕೊಳ್ಳೋಕೆ ಬಿಡಲ್ಲ."

"ಇನ್ನೊಂದ್ಸಲ ಉಸಿರು ಕಟ್ಕೊಂಡು ಒದ್ದಾಡ್ತೀರಾ ಅತ್ತೆ? ಅದಕ್ಕಿಂತ ಇದೇ ವಾಸಿ."

"ನಿನಗೇನು, ಹೇಳ್ತೀಯ. ಮೀನಖಂಡ ಹಿಡ್ಕೊಂಡಿರೋದು ನನಗೆ."

"ನಿಮ್ಮನ್ನ ಹಿಡ್ಕೊಂಡಿರೋದು ನಾನು."

ಇಂಥ ಮಾತಿಗೆ ಅತ್ತೆಗೂ ನಗು ಬಂದುಬಿಡುತ್ತಿತ್ತು. ಜಗಳವಾಡಿದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇತ್ತು.

ತೂಕ ಓದುವ ಕೆಲಸ ಮೊಮ್ಮಗಳದ್ದು. ಕಾಲೇಜಿಗೆ ಹೋಗುವ ಹುಡುಗಿ. ಬಾಯಿ ಮುಚ್ಚದ ಕಾರಣ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ರೇಡಿಯೋ ಎಂದೇ ಹೆಸರು. ಅಜ್ಜಿ ಹಲಗೆ ಹತ್ತಿ ನಿಂತರೆ ಮುಳ್ಳು ಎಲ್ಲಿ ನಿಂತಿತೆಂದು ಅವಳು ಕೂಗಿ ಹೇಳುತ್ತಿದ್ದಳು, ಆಮೇಲೆ ಫೋನಿನಲ್ಲಿ ಕ್ಲಿನಿಕ್ಕಿನ ನರ್ಸಮ್ಮನಿಗೆ ಸಂದೇಶ ಕಳಿಸುತ್ತಿದ್ದಳು. ಮೊದಲ ದಿನಗಳಲ್ಲಿ ಅರವತ್ತೆರಡು. ಅದೇ ಸರಿಯಾದ ತೂಕ, ಎರಡು ಕಿಲೋ ಏರಿದರೂ ಕೂಡಲೇ ತಿಳಿಸಿ ಎಂದಿದ್ದರು.

ಇನ್ನು ಮಗನ ವಿಷಯ. ಅಪ್ಪನ ನಂತರ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವನೇ. ಪೇಪರು, ಕಬ್ಬಿಣ ಕೊಂಡುಕೊಳ್ಳುವ ದೊಡ್ಡ ಗೋದಾಮಿನವನು ತನ್ನ ತಕ್ಕಡಿಯಲ್ಲಿ ಪ್ರತಿ ಸಲ ಕಡಿಮೆ ತೋರಿಸುತ್ತಿದ್ದ. ಕೇಳಿದರೆ, "ಒದ್ದೆ ಇದೆ, ಮಣ್ಣಿದೆ, ಬೇಡವಾದ್ರೆ ವಾಪಸ್ ತಗೊಂಡು ಹೋಗು" ಎನ್ನುತ್ತಿದ್ದ. ಮಗ ಅಲ್ಲಿ ಜಗಳವಾಡಲಿಲ್ಲ. ಮನೆಗೆ ಬಂದು ಹಳೆ ಟೈರಿನ ಒಂದು ತುಂಡು ಕತ್ತರಿಸಿ ತನ್ನ ತಕ್ಕಡಿಯ ಹಲಗೆಯ ಕೆಳಗೆ, ಗೋಡೆಯ ಕಡೆಗೆ ಸಿಕ್ಕಿಸಿದ. ಬರಿದಾಗಿದ್ದಾಗ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಭಾರ ಬಿದ್ದಾಗ ಹಲಗೆ ಕೆಳಗಿಳಿದು ಆ ರಬ್ಬರಿನ ಮೇಲೆ ಕೂರುತ್ತದೆ, ಭಾರದಲ್ಲಿ ಒಂದು ಪಾಲನ್ನು ರಬ್ಬರೇ ಹೊತ್ತುಕೊಳ್ಳುತ್ತದೆ. ಗೋದಾಮಿನವನು ಕಿತ್ತುಕೊಂಡದ್ದನ್ನು ಬೀದಿಯವರಿಂದ ಹೀಗೆ ಕಿತ್ತುಕೊಂಡ. ಇಷ್ಟಕ್ಕೆ ಅವನನ್ನು ಕಳ್ಳ ಎನ್ನಬೇಕೇ ಎಂದು ಯಾರಾದರೂ ಅನುಮಾನಪಟ್ಟರೆ ಪಡಲಿ. ನನಗಂತೂ ಅನ್ನಲು ಅಡ್ಡಿಯಿಲ್ಲ.

ಅದೇ ಹಲಗೆಯನ್ನು ಬೆಳಿಗ್ಗೆ ತಾಯಿ ಹತ್ತುತ್ತಾರೆಂಬುದನ್ನು ಅವನು ಮರೆತಿರಲಿಲ್ಲ. ಅಷ್ಟರೊಳಗೆ ಎದ್ದು ರಬ್ಬರು ತೆಗೆದಿಡಬೇಕೆಂದು ಮೊದಲೆರಡು ದಿನ ಅಂದುಕೊಂಡ. ಆದರೆ ಅವನು ಏಳುವ ಹೊತ್ತಿಗೆ ಅಮ್ಮ ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅವರೆದುರಿಗೆ ಹಲಗೆಯ ಅಡಿಗೆ ಕೈ ಹಾಕುವ ಧೈರ್ಯ ಅವನಿಗಿರಲಿಲ್ಲ. ಒಂದೆರಡು ಕಿಲೋದಲ್ಲಿ ಏನಾಗುತ್ತದೆ, ದಿನವೂ ಅಷ್ಟೇ ಕಡಿಮೆ ತೋರಿಸುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ. ಸ್ವಲ್ಪ ದಿನದಲ್ಲೇ ಆ ತುಂಡು ಸಾಲದೆ ಇನ್ನೂ ದಪ್ಪದ್ದು ಹಾಕಿದ.

"ಅರವತ್ತು!" ಎಂದು ರೇಡಿಯೋ ಕೂಗಿದಳು. ಕೆಲವು ದಿನ ಬಿಟ್ಟು, "ಐವತ್ತೆಂಟೂವರೆ! ಅಜ್ಜೀ, ನೀನು ಮದುವೆ ಹೆಣ್ಣಾಗ್ತಿದೀಯ!"

"ಅಯ್ಯೋ ಇವಳ ಬಾಯಿಗೆ," ಎಂದರು ಅಜ್ಜಿ. ಆದರೆ ಖುಷಿಯಾಗಿತ್ತು.

ನರ್ಸಮ್ಮ ಫೋನ್ ಮಾಡಿ ಕೇಳಿದಳು. ತಲೆ ಸುತ್ತು ಇದೆಯಾ? ಎದ್ದು ನಿಂತಾಗ ಇದೆ. ಮೀನಖಂಡ ಹಿಡಿಯುತ್ತಾ? ಹಿಡಿಯುತ್ತೆ. ಬಾಯಾರಿಕೆ? ಅದನ್ನಂತೂ ಕೇಳಲೇಬೇಡಿ. ಡಾಕ್ಟರೊಂದಿಗೆ ಮಾತಾಡಿ ಮತ್ತೆ ಫೋನ್ ಮಾಡಿದಳು: ಮೈ ಒಣಗುತ್ತಿದೆ, ಮಾತ್ರೆ ಹೀಗೇ ಕೊಟ್ಟರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಬಿದ್ದುಬಿಡಬಹುದು, ಕಿಡ್ನಿಗೂ ಪೆಟ್ಟು, ಇವತ್ತಿನಿಂದ ಅರ್ಧ ಮಾತ್ರೆ ಸಾಕು.

ಮನೆಯಲ್ಲಿ ಹಬ್ಬದ ಕಳೆ ಬಂತು. ಅಂಗಡಿಯಮ್ಮ ಅರ್ಧ ಬೆಳಿಗ್ಗೆ ಕುರ್ಚಿ ಬಿಟ್ಟು ಏಳದೆ ಕೂರಬಹುದಾಯಿತು. ಸೊಸೆ ಒಂದೇ ಸಲ ಕೂತು ರಟ್ಟಿನ ರಾಶಿ ಕಟ್ಟಿ ಮುಗಿಸಿದಳು. ಮಗನೂ ನಕ್ಕ. ಒಳಗೊಳಗೆ ಏನೋ ಚುಚ್ಚಿತು. ಅದನ್ನು ಊಟದ ಜೊತೆ ನುಂಗಿಕೊಂಡ. ಗೋದಾಮಿನವನು ಇನ್ನೂ ಹಿಂಡಿದಾಗ ರಬ್ಬರಿಗೆ ಇನ್ನೊಂದು ಪದರ ಸೇರಿಸಿದ.

ಖುಷಿ ಹೆಚ್ಚು ಕಾಲ ಬಾಳಲಿಲ್ಲ. ಒಂದು ದಿನ ಅಂಗಡಿಯಮ್ಮನ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಸೊಸೆ ಕೆಳಗೆ ಕೂತು ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

"ರೀ, ಇಲ್ನೋಡಿ. ನೀರು ತುಂಬ್ತಿದೆ. ಮೊದಲ ಸಲ ಹೀಗೇ ಶುರುವಾಗಿದ್ದು."

"ತೂಕ ಇಳಿದಿದೆಯಲ್ಲೇ. ನೀರು ತುಂಬಿದ್ರೆ ಏರ್ಬೇಕಲ್ವಾ?"

"ತೂಕದ ಮಾತು ಬಿಡಿ, ಕಾಲು ನೋಡಿ!"

ಫೋನ್ ಮಾಡಿದಾಗ ನರ್ಸಮ್ಮನೂ ಅದನ್ನೇ ಕೇಳಿದಳು. ತೂಕ ಏರಿದೆಯಾ? ಇಲ್ಲ. ಹಾಗಾದರೆ ಕಾಲು ಇಳಿಬಿಟ್ಟು ತುಂಬಾ ಹೊತ್ತು ಕೂರುತ್ತಾರೇನೋ, ದಿಂಬಿನ ಮೇಲೆ ಎತ್ತಿಡಿ. ಎತ್ತಿಟ್ಟರು. ರಾತ್ರಿ ತಲೆಗೂ ಎರಡು ದಿಂಬು ಬೇಕಾಯಿತು, ಆಮೇಲೆ ಮೂರು.

ಆ ವಾರವೇ ರೇಡಿಯೋ ಕಾಲೇಜಿನಿಂದ ಕುಣಿದುಕೊಂಡು ಬಂದಳು. ರಕ್ತದಾನ ಶಿಬಿರವಿತ್ತಂತೆ. ಮನೆಯ ತಕ್ಕಡಿಯಲ್ಲಿ ನಲವತ್ತೇಳಕ್ಕೆ ಇಳಿದಿದ್ದೇನೆ, ಸಣ್ಣಗಾಗಿದ್ದೇನೆ ಎಂದು ಬೀಗುತ್ತಿದ್ದವಳು, ತೂಕ ಸಾಲದೆ ವಾಪಸ್ ಕಳಿಸುತ್ತಾರೇನೋ ಎಂದು ಹೆದರಿಕೊಂಡೇ ಹೋಗಿದ್ದಳು.

"ಐವತ್ತೆರಡು ಬಂತು! ರಕ್ತಾನೂ ತಗೊಂಡ್ರು, ಬಿಸ್ಕತ್ತೂ ಕೊಟ್ರು. ಅಪ್ಪಾ, ನಮ್ಮ ಮಿಷನ್ ನನ್ನನ್ನ ಚೆನ್ನಾಗಿ ಮಂಗ ಮಾಡ್ತು. ಇಷ್ಟು ದಿನ ಸಣ್ಣ ಆದೆ ಅಂತ ಎರಡೆರಡು ಮೊಟ್ಟೆ ತಿಂತಿದ್ದೆ."

"ಅವರದ್ದೇ ಸರಿ ಇರಲ್ಲ," ಎಂದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ. "ಶಿಬಿರದ ಮಿಷನ್ನು. ಎಲ್ಲೆಲ್ಲಿಗೋ ಹೊತ್ಕೊಂಡು ತಿರುಗ್ತಾರೆ."

ಸೊಸೆಯ ಕೈಲಿದ್ದ ಸೌಟು ಅಲ್ಲೇ ನಿಂತಿತು. ಊಟ ಮುಗಿದು ಗಂಡ ಅಂಗಡಿಗೆ ಹೋದ ಮೇಲೆ ಹಿಂದೆಯೇ ಹೋಗಿ ಹಲಗೆಯ ಅಡಿಗೆ ಕೈ ಹಾಕಿದಳು. ರಬ್ಬರು ಸಿಕ್ಕಿತು.

"ಇದೇನ್ರೀ?"

"ಮೆಲ್ಲಗೆ ಮಾತಾಡು."

"ಇದೇನು ಅಂದೆ."

"ವ್ಯಾಪಾರ. ಎಲ್ಲರೂ ಮಾಡೋದೇ."

"ವ್ಯಾಪಾರನಾ? ಇದರ ಮೇಲೆ ನಿಮ್ಮಮ್ಮ ನಿಲ್ತಾರೆ! ಇದನ್ನ ನಂಬ್ಕೊಂಡು ಡಾಕ್ಟ್ರು ಮಾತ್ರೆ ಅರ್ಧ ಮಾಡಿದ್ರು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಎದುರಿಗೆ ಕೂತು ನಕ್ರಿ."

ಅವನು ಅವಳ ಕೈ ಹಿಡಿದುಕೊಂಡ. ಆಣೆಗೀಣೆ ಏನೂ ಮಾಡಲಿಲ್ಲ, ಬೇಡಿಕೊಂಡ. "ಅಮ್ಮನಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಹೋಗ್ತಾಳೆ ಕಣೇ. ಅಪ್ಪನ ತಕ್ಕಡಿ ಇದು. ಈಗಲೇ ತೆಗೀತೀನಿ. ಡಾಕ್ಟ್ರಿಗೂ ನಾನೇ ಹೇಳ್ತೀನಿ, ನಾಳೆ ಬೆಳಿಗ್ಗೇನೇ. ನೀನು ಬಾಯಿ ಬಿಡ್ಬೇಡ."

ಇವತ್ತಿನಿಂದಲೇ ಇಡೀ ಮಾತ್ರೆ ಕೊಡೋಣವೇ ಎಂದು ಅವಳು ಕೇಳಿದಳು. ಡಾಕ್ಟರನ್ನು ಕೇಳದೆ ಕೊಡಬಾರದೆಂದು ಅವನೇ ಹೇಳಿದ. ಅದು ನಿಜವೂ ಆಗಿತ್ತು. ಅವಳು ನಂಬಿದಳು.

ಮರುದಿನ ರಬ್ಬರಿಲ್ಲದ ಹಲಗೆ ಹತ್ತಿದಾಗ ಮುಳ್ಳು ಅರವತ್ತೇಳಕ್ಕೆ ಹೋಗಿ ನಿಂತಿತು. ರೇಡಿಯೋ ಕೂಗಲಿಲ್ಲ, ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿದಳು. ಸಂದೇಶ ಹೋದ ಕೂಡಲೇ ಫೋನ್ ಬಂತು. ಸೊಸೆ ಹಿತ್ತಲಲ್ಲಿದ್ದಳು, ಫೋನ್ ತೆಗೆದವನು ಮಗ.

"ಏನ್ರೀ ಇದು, ನಿನ್ನೆ ಐವತ್ತೊಂಬತ್ತು, ಇವತ್ತು ಅರವತ್ತೇಳು?" ಎಂದಳು ನರ್ಸಮ್ಮ. "ಒಂದು ರಾತ್ರೀಲಿ ಎಂಟು ಕಿಲೋ ಯಾರಿಗೂ ಏರಲ್ಲ. ಕೈಲಿ ಏನಾದ್ರೂ ಹಿಡ್ಕೊಂಡಿದ್ರಾ? ಮಿಷನ್ ಸರಿ ಇದೆಯಾ?"

ಹೇಳಬೇಕಾದ ಗಳಿಗೆ ಇದೇ. ಒಂದು ಮಾತು ಸಾಕಿತ್ತು. ಪಕ್ಕದ ಸ್ಟೂಲಿನ ಮೇಲೆ ತಾಯಿ ಕೂತಿದ್ದರು, ಮುಖ ಎತ್ತಿ ಅವನನ್ನೇ ನೋಡುತ್ತಿದ್ದರು.

"ನಮ್ಮ ಹುಡುಗಿ ತಪ್ಪಾಗಿ ಓದಿದ್ದಾಳೆ ಸಿಸ್ಟರ್," ಎಂದ ಅವನು. "ನಾಳೆ ಸರಿಯಾಗಿ ನೋಡಿ ಕಳಿಸ್ತೀವಿ."

ಹೆಂಡತಿಗೆ ಬೇರೆಯೇ ಹೇಳಿದ: ಎಲ್ಲ ಹೇಳಿಬಿಟ್ಟೆ, ಡಾಕ್ಟರು ಬೈದರು, ನಾಲ್ಕೈದು ದಿನ ತೂಕ ನೋಡಿ ಮಾತ್ರೆ ಬದಲಿಸುತ್ತಾರಂತೆ. ಮುಳ್ಳು ಸಿಕ್ಕಿಕೊಂಡಿತ್ತು, ಇನ್ನು ಮೇಲೆ ಕೂಗದೆ ನನಗೊಬ್ಬನಿಗೇ ಹೇಳು ಎಂದು ರೇಡಿಯೋಗೆ ಹೇಳಿದ. ಅನಂತರ ಚಾಕು ಹಿಡಿದು ಕೂತ. ಅವನು ಮಾಡಿದ ಲೆಕ್ಕಾಚಾರ ಇಷ್ಟೇ: ನಿಜವನ್ನು ಒಂದೇ ಸಲ ಹೇಳಿದರೆ ಯಾರೂ ನಂಬುವುದಿಲ್ಲ, ಸ್ವಲ್ಪಸ್ವಲ್ಪವಾಗಿ ಹೇಳಿದರೆ ನಂಬುತ್ತಾರೆ. ರಬ್ಬರನ್ನು ಮತ್ತೆ ಹಲಗೆಯ ಕೆಳಗಿಟ್ಟು ದಿನಕ್ಕೊಂದು ತೆಳ್ಳನೆಯ ಹಾಳೆಯಷ್ಟು ಕೆತ್ತುತ್ತ ಹೋದರೆ ಮುಳ್ಳು ಮೆಲ್ಲಮೆಲ್ಲನೆ ಏರುತ್ತದೆ, ಡಾಕ್ಟರು ತಾವಾಗಿಯೇ ಮಾತ್ರೆ ಹೆಚ್ಚಿಸುತ್ತಾರೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ತಕ್ಕಡಿ ಹಿಡಿದ ಕೈಗೆ ಮಾತ್ರ ಹೊಳೆಯುವಂಥ ಉಪಾಯ.

ಮುಳ್ಳು ಅವನು ಎಣಿಸಿದ ಹಾಗೆಯೇ ಏರಿತು. ಮೊದಲು ಅರವತ್ತು. ಆಮೇಲೆ ಅರವತ್ತೂವರೆ.

"ಸ್ವಲ್ಪ ಏರ್ತಿದೆ," ಎಂದಳು ನರ್ಸಮ್ಮ. "ಆದ್ರೂ ಅರವತ್ತೆರಡರ ಒಳಗೇ ಇದೆ, ಗಾಬರಿ ಬೇಡ. ಅಡುಗೇಲಿ ಉಪ್ಪು ಹೆಚ್ಚಾಗ್ತಿರಬೇಕು, ನೋಡ್ಕೊಳ್ಳಿ."

ಉಪ್ಪು ಎಂದ ಮೇಲೆ ಅಡುಗೆ ಮಾಡುವವಳ ತಲೆಗೇ ಅದು ಬಂತು. ಆ ಹೊತ್ತಿಗೆ ಅಂಗಡಿಯಮ್ಮನಿಗೆ ಅಡುಗೆಮನೆಯಿಂದ ಕೋಣೆಗೆ ನಡೆದರೂ ಏದುಸಿರು. ನಾಲ್ಕು ಮಾತಾಡಬೇಕಾದರೆ ನಡುವೆ ನಿಲ್ಲಿಸಬೇಕು. ಆದರೂ ಬೈಯಲು ಉಸಿರು ಹೊಂದಿಸಿಕೊಳ್ಳುತ್ತಿದ್ದರು.

"ಒಂದು ಪಲ್ಯ... ಉಪ್ಪಿಲ್ದೆ ಮಾಡೋಕೆ ಬರಲ್ವಾ ನಿನಗೆ?"

"ನಿಮ್ಮ ಪಾತ್ರೆಗೆ ಉಪ್ಪು ಹಾಕೇ ಇಲ್ಲ ಅತ್ತೆ. ಬೇರೆ ಬೇಯಿಸಿದ್ದೀನಿ."

"ಹಾಕ್ದೆ ಏರುತ್ತಾ? ಅಳತೆ ಸುಳ್ಳು ಹೇಳುತ್ತಾ? ಎತ್ಕೊಂಡು ಹೋಗಿ ಬಂದು ನಿನಗೆ ಸಾಕಾಗಿದೆ... ಹೇಳಿಬಿಡು. ನಾನು ಹೋದ್ರೆ ಸಾಕು ಅನ್ಸಿದೆ."

ಸೊಸೆ ತಟ್ಟೆ ಕೆಳಗಿಟ್ಟಳು. ಇಷ್ಟು ದಿನ ಎತ್ತಿ, ತೊಳೆದು, ಒರೆಸಿದ ಕೈಗಳು ಅವು. ಅಳು ಬಂತು, ಅಳಲಿಲ್ಲ. ಗಂಡನ ಕಡೆ ತಿರುಗಿದಳು. ಅವನು ಅನ್ನ ಕಲಸುತ್ತ ಕೂತಿದ್ದ.

"ನೀವಾದ್ರೂ ಹೇಳ್ರೀ."

"ಅಮ್ಮಾ, ಬಿಡು, ಊಟ ಮಾಡು," ಎಂದ ಅವನು. ಅಷ್ಟೇ ಹೇಳಿದ್ದು.

"ನೀನು ಹೆಂಡ್ತಿ ಕಡೆಗೇ," ಎಂದರು ತಾಯಿ. ರೇಡಿಯೋ ಎದ್ದು ಅಜ್ಜಿಯ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡು ನೋಡಿದಳು. "ಸಪ್ಪೆ ಇದೆ ಅಜ್ಜಿ. ಕಾಗದ ತಿಂದ ಹಾಗಿದೆ," ಎಂದಳು. ಅಜ್ಜಿ ಮುಖ ತಿರುಗಿಸಿದರು.

ಎರಡು ದಿನ ಅತ್ತೆ ಸೊಸೆಯ ಕೈಯಿಂದ ಊಟ ಮಾಡಲಿಲ್ಲ. ಮೊಮ್ಮಗಳು ತಂದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದರು. ಮಲಗಿದರೆ ಉಸಿರು ಕಟ್ಟುತ್ತಿತ್ತೆಂದು ಕುರ್ಚಿಯಲ್ಲೇ ಕೂತು ಬೆಳಗು ಮಾಡಿದರು.

ಮೂರನೆಯ ಬೆಳಿಗ್ಗೆ ಅಂಗಡಿ ಗುಡಿಸುತ್ತಿದ್ದ ಸೊಸೆಯ ಪೊರಕೆಗೆ ಕಪ್ಪು ಸಿಪ್ಪೆಗಳು ಸಿಕ್ಕವು. ಪೆನ್ಸಿಲ್ ಹೆರೆದಂತೆ ಸುರುಳಿಸುರುಳಿ. ಕೈಗೆತ್ತಿಕೊಂಡಳು, ಮೂಸಿದಳು, ಹಲಗೆಯ ಕೆಳಗೆ ಬಗ್ಗಿ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗುವ ಹೊತ್ತಿಗೆ ಒಳಗಿನಿಂದ ರೇಡಿಯೋ ಕಿರುಚಿದಳು. ಅಂಗಡಿಯಮ್ಮ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದ್ದರು. ತುಟಿ ನೀಲಿಯಾಗಿತ್ತು, ಗಂಟಲಲ್ಲಿ ಗೊರಗೊರ ಸದ್ದು, ಬಾಯಲ್ಲಿ ನೊರೆ.

ಸಾಮಾನು ಸಾಗಿಸುವ ಗಾಡಿಯಲ್ಲೇ ಆಸ್ಪತ್ರೆಗೆ ಹೋದರು. ಮೂಗುಬಾಯಿಗೆ ಆಮ್ಲಜನಕದ ಮಾಸ್ಕ್, ನರಕ್ಕೆ ಅದೇ ನೀರಿಳಿಸುವ ಔಷಧಿಯ ಇಂಜೆಕ್ಷನ್, ಮೂತ್ರಕ್ಕೆ ನಳಿಗೆ. ಮಂಚದ ಪಕ್ಕ ತೂಗುಬಿಟ್ಟ ಚೀಲ ತುಂಬುತ್ತಿತ್ತು, ಆಯಾ ಖಾಲಿ ಮಾಡುತ್ತಿದ್ದಳು, ಮತ್ತೆ ತುಂಬುತ್ತಿತ್ತು. ಹೊಟ್ಟೆ, ಶ್ವಾಸಕೋಶದವರೆಗೆ ನೀರು ತುಂಬಿತ್ತಂತೆ. ಸಂಜೆಯ ಹೊತ್ತಿಗೆ ಉಸಿರಾಟ ಸ್ವಲ್ಪ ಹಿಡಿತಕ್ಕೆ ಬಂತು. ಆದರೆ ರಕ್ತದ ವರದಿ ನೋಡಿದ ಡಾಕ್ಟರ ಮುಖ ಸರಿಯಿರಲಿಲ್ಲ.

"ಕಿಡ್ನಿಗೆ ಚೆನ್ನಾಗಿ ಪೆಟ್ಟು ಬಿದ್ದಿದೆ. ಮೊದಲಿನ ಹಾಗೆ ಆಗೋದು ಕಷ್ಟ," ಎಂದರು. "ಇಷ್ಟಾದ್ರೂ ತೂಕ ಮಾತ್ರ ಅರವತ್ತೂವರೆ ಅಂತ ಕಳಿಸಿದ್ದೀರಿ. ಇಲ್ಲಿ ಬಂದಾಗ ಅರವತ್ತೆಂಟು ಇತ್ತು. ಹೇಗೆ?"

ಮಂಚದಿಂದ ಅಂಗಡಿಯಮ್ಮ ಮಾಸ್ಕ್ ಸರಿಸಿ ಹೇಳಿದರು: "ಉಪ್ಪು... ಡಾಕ್ಟ್ರೇ. ನನ್ನ ಸೊಸೆ..."

"ಹೇಳ್ತೀರೋ, ನಾನು ಹೇಳ್ಲೋ?" ಎಂದಳು ಸೊಸೆ ಗಂಡನಿಗೆ. ಕೂಗಲಿಲ್ಲ. ಮುಷ್ಟಿ ಬಿಚ್ಚಿದಳು, ಬೆಳಗಿನಿಂದ ಹಿಡಿದೇ ಇದ್ದ ರಬ್ಬರಿನ ಸಿಪ್ಪೆ ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು.

ಅವನು ಹೇಳಿದ. ಗೋದಾಮಿನವನಿಂದ ಶುರು ಮಾಡಿ ಸುತ್ತಿ ಬಳಸಿ ಹೇಳಿದ, ಆದರೆ ಎಲ್ಲವನ್ನೂ ಹೇಳಿದ. ಪಕ್ಕದ ಮಂಚದವರೂ ಕೇಳಿಸಿಕೊಂಡರು.

"ಹಾಗಾದ್ರೆ ಇಷ್ಟು ದಿನ ನಾನು ನಿಮ್ಮ ತಾಯಿಗೆ ಔಷಧಿ ಕೊಡ್ತಿರಲಿಲ್ಲ," ಎಂದರು ಡಾಕ್ಟರು. "ಆ ಟೈರಿನ ತುಂಡಿಗೆ ಕೊಡ್ತಿದ್ದೆ." ಚೀಟಿಯಲ್ಲಿ ಏನೋ ಬರೆದು ಹೊರಟುಹೋದರು.

ಅಂಗಡಿಯಮ್ಮ ಮಗನನ್ನು ಒಂದೇ ಒಂದು ಮಾತು ಕೇಳಿದರು. "ಯಾರ್ಯಾರಿಗೆ?"

"ಎಲ್ಲರಿಗೂ ಅಮ್ಮ."

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಸೂಜಿ ಚುಚ್ಚಿದ್ದ ಕೈಯನ್ನು ಮಂಚದ ಮೇಲೆ ತಡಕಾಡಿಸಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡರು. "ಎಷ್ಟು ಅಂದುಬಿಟ್ಟೆ ನಿನ್ನ," ಎಂದರು. ಸೊಸೆ ಆಗ ಅತ್ತಳು.

ಕೆಲವು ವಾರಗಳ ಮೇಲೆ ಮನೆಗೆ ಕಳಿಸಿದರು. ಮುಖ ಬತ್ತಿಹೋಗಿತ್ತು. ಈಗ ಮಾತ್ರೆ ಎರಡು ಹೊತ್ತು. ಆದರೂ ಮೂತ್ರ ಮೊದಲಿನಂತೆ ಬರುತ್ತಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ನಮ್ಮ ಕೈಲಿಲ್ಲ, ತೂಕ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಅಮ್ಮ ಬರುವ ಮೊದಲೇ ಮಗ ಹಲಗೆ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡಿದ್ದ.

ಮರುದಿನ ಬೆಳಿಗ್ಗೆ ಅಂಗಡಿಯಮ್ಮ ಸ್ಟೂಲಿನ ಮೇಲೆ ಕೂರಲಿಲ್ಲ. ಸೊಸೆಯ ತೋಳು ಹಿಡಿದು ತಕ್ಕಡಿಯ ಪಕ್ಕದಿಂದಲೇ ಹಾದು ಬೀದಿಗಿಳಿದರು. ಬೀದಿಯಾಚೆಯ ಔಷಧಿ ಅಂಗಡಿಯ ಬಾಗಿಲಲ್ಲಿ ನಾಣ್ಯ ಹಾಕಿ ತೂಕ ನೋಡುವ ಮಿಷನ್ ಇತ್ತು. ಅಲ್ಲಿಗೆ ಹೋಗಲು ಅವರು ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ವಾಪಸ್ಸು ಬರುವಾಗ ಅಂಗಡಿಯ ಮುಂದೆ ಇಸ್ತ್ರಿ ಅಂಗಡಿಯವನು ಪೇಪರಿನ ಕಟ್ಟನ್ನು ಆಗತಾನೆ ಹಲಗೆಯ ಮೇಲಿಟ್ಟಿದ್ದ. ಮಗ ಮುಳ್ಳು ನೋಡಲು ಬಗ್ಗಿದ್ದ.

"ಏನಮ್ಮ ಇದು," ಎಂದ ಇಸ್ತ್ರಿಯವನು ನಗುತ್ತ, "ಮನೇಲಿ ಇಷ್ಟು ದೊಡ್ಡ ಮಿಷನ್ ಇಟ್ಕೊಂಡು, ಈ ಕಾಲು ಎಳ್ಕೊಂಡು ಅಲ್ಲಿಗೆ ಹೋಗ್ತೀರಾ?"

ಮಗ ತಲೆ ಎತ್ತಿದ. ತಾಯಿ ಏನಾದರೊಂದು ಹೇಳಿ ದಾಟಿಸಿಬಿಡುತ್ತಾರೆಂಬ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು. ಅಂಗಡಿಯಮ್ಮ ಬಾಗಿಲ ಚೌಕಟ್ಟು ಹಿಡಿದು ಉಸಿರು ಸರಿಮಾಡಿಕೊಂಡರು.

"ಇದನ್ನ ನಂಬಿ... ಸಾಯೋಕೆ ಹೋಗಿದ್ದೆ ಕಣಪ್ಪ."

"ಅಮ್ಮಾ," ಎಂದ ಮಗ. "ಈಗ ಸರಿ ಇದೆ ಅಮ್ಮ. ತೆಗೆದು ಎಸೆದಿದ್ದೀನಿ. ನೀನೇ ನೋಡು ಬೇಕಾದ್ರೆ."

"ಇರಬಹುದು," ಎಂದರು ಅವರು. "ನನಗೆ ಗೊತ್ತಾಗೋದು ಹೇಗೆ, ಮಗಾ?"

ಸೊಸೆ ಅವರನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋದಳು. ಇಸ್ತ್ರಿಯವನು ಒಮ್ಮೆ ಮುಳ್ಳನ್ನು ನೋಡಿದ, ಒಮ್ಮೆ ಮಗನ ಮುಖ ನೋಡಿದ. ಬಗ್ಗಿ ತನ್ನ ಪೇಪರಿನ ಕಟ್ಟನ್ನು ಹಲಗೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ.